ಪರದೆ ಯಾರಿಗೆ, ಬಿಲ್ಲು ಯಾರಿಗೆ?



ರಾಯದುರ್ಗದ ಸಿದ್ಧ ಉಡುಪು ವ್ಯಾಪಾರಿಯೊಬ್ಬರು ಕಳೆದ ತಿಂಗಳು ಕಚೇರಿಗೆ ಬಂದು ನಮ್ಮ ಮುಂದೆ ಮೂರು ಚೀಟಿ ಇಟ್ಟರು. ಮೂರೂ ಅನಂತಪುರದ ಅಂಗಡಿಯಲ್ಲಿ ಬರೆಸಿಕೊಂಡು ಬಂದ ಕಂಪ್ಯೂಟರ್ ಮಾನಿಟರುಗಳ ಬೆಲೆ. ಒಂದಕ್ಕೆ 8,260 ರೂಪಾಯಿ, ಇನ್ನೊಂದಕ್ಕೆ 10,620, ಮತ್ತೊಂದಕ್ಕೆ 17,700.

"ಕಾರ್ಯದರ್ಶಿಗಳೇ, ಮಗ ಡಿಗ್ರಿ ಓದುತ್ತಿದ್ದಾನೆ. ಅಂಗಡಿಯ ಲೆಕ್ಕವನ್ನೂ ಬರೆಯುತ್ತಾನೆ. ಲೆಕ್ಕಕ್ಕೆ ದೊಡ್ಡ ಪರದೆಯೇ ಬೇಕು ಅನ್ನುತ್ತಾನೆ. ಯಾವುದು ಕೊಳ್ಳಲಿ? ಬಿಲ್ಲನ್ನು ಅಂಗಡಿ ಹೆಸರಿಗೇ ಮಾಡಿಸಿದರೆ ತೆರಿಗೆ ವಾಪಸು ಬರುತ್ತದಲ್ಲವೇ?" ಎಂದರು.

ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದು ವಸ್ತುವಿಗೆ ಸಂಬಂಧಿಸಿದ್ದು, ಎರಡನೆಯದು ಮನಸ್ಸಿಗೆ. ಅನೇಕ ಮನೆಗಳಲ್ಲಿ ಈಗ ಇದೇ ಮಾತು ನಡೆಯುತ್ತಿರುವುದರಿಂದ ಎರಡಕ್ಕೂ ಇಲ್ಲಿ ಉತ್ತರ ಹುಡುಕೋಣ.

ಮಾನಿಟರಿನ ಅಳತೆಯನ್ನು ಮೂಲೆಯಿಂದ ಎದುರು ಮೂಲೆಗೆ ಇಂಚಿನಲ್ಲಿ ಹೇಳುತ್ತಾರೆ. ಚಿತ್ರವೆಲ್ಲ ಸಣ್ಣ ಚುಕ್ಕಿಗಳಿಂದ ಆದದ್ದು. ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿಗಳಿದ್ದರೆ 24 ಇಂಚಿನ ಪರದೆಯಲ್ಲಿ ಅಕ್ಷರ ಸ್ವಚ್ಛವಾಗಿ ಕಾಣುತ್ತದೆ. ಅಷ್ಟೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ ಅಕ್ಷರ ಒರಟಾಗುತ್ತದೆ. ಅಲ್ಲಿಗೆ 2560ಕ್ಕೆ 1440 ಚುಕ್ಕಿ ಇದ್ದರೆ ಒಳ್ಳೆಯದು, ಆಗ ಬೆಲೆಯೂ ಏರುತ್ತದೆ. ಪರದೆಯ ಬಗೆಗಳಲ್ಲಿ ಐಪಿಎಸ್ ಎಂಬುದು ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸದು. ನಾಲ್ಕು ಜನ ಕೂಡಿ ನೋಡುವ ಮನೆಗೆ ಅದು ಹೊಂದುತ್ತದೆ.

ಇನ್ನು ಹರ್ಟ್ಸ್. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕವಿದು. 60 ಹರ್ಟ್ಸ್ ಎಂದರೆ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 100 ಹರ್ಟ್ಸ್‌ನಲ್ಲಿ 10, 180ರಲ್ಲಿ 5.6. ಓಟದ ಆಟ, ಗುರಿ ಹೊಡೆಯುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಲೆಕ್ಕ ಬರೆಯುವವನಿಗೆ 60 ಸಾಕು. ಅಲ್ಲದೆ ಅಷ್ಟು ಚಿತ್ರಗಳನ್ನು ಕಂಪ್ಯೂಟರ್ ತಯಾರಿಸಿ ಕೊಡಬೇಕಲ್ಲ? ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿಗೆ ಭಾರಿ ಆಟಗಳಲ್ಲಿ ಅದು ಆಗದ ಮಾತು. ಬೋರಿನಲ್ಲಿ ಒಂದಿಂಚು ನೀರಿರುವಾಗ ಹತ್ತು ಎಚ್.ಪಿ. ಮೋಟಾರು ಇಳಿಸಿದಂತಾಗುತ್ತದೆ. ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗನ ಕಂಪ್ಯೂಟರಿನಲ್ಲಿ ಅಂಥ ಕಾರ್ಡ್ ಇರಲಿಲ್ಲ. 8,260ರ ಚೀಟಿ 24 ಇಂಚು, ಐಪಿಎಸ್, 100 ಹರ್ಟ್ಸ್ ಪರದೆಯದು. ಓದು, ಲೆಕ್ಕ, ಹಗುರ ಆಟ ಮೂರಕ್ಕೂ ಅದು ಸಾಕೆಂದೆವು. ಮುಂದೆ ಕಾರ್ಡ್ ಹಾಕಿಸುವುದು ನಿಶ್ಚಯವಾಗಿದ್ದರೆ ಮಾತ್ರ 180 ಹರ್ಟ್ಸ್‌ನ 10,620ರದನ್ನು ಯೋಚಿಸಬಹುದು. 27 ಇಂಚಿನ 17,700ರದು ಬೇಡ.

ಎರಡನೆಯ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ. "ಎಲ್ಲರೂ ಮಾಡುವುದೇ ಅದು, ಮಾಡಿಸಿಬಿಡಿ" ಎಂದೆವು. ಅವರು ಹೊರಟುಹೋದರು. ಆ ಮಾತು ಮಾತ್ರ ನಮ್ಮಲ್ಲೇ ಉಳಿಯಿತು.

ಬಿ.ಕಾಂ. ಓದಿದ ನಮಗೆ ಲೆಕ್ಕ ತಿಳಿಯದ್ದೇನೂ ಅಲ್ಲ. 8,260ರಲ್ಲಿ 7,000 ಬೆಲೆ, ಶೇಕಡ 18ರಂತೆ 1,260 ಜಿಎಸ್‌ಟಿ. ನೋಂದಾಯಿತ ವ್ಯಾಪಾರಿ ವ್ಯಾಪಾರಕ್ಕೆಂದು ಕೊಂಡ ವಸ್ತುವಿನ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ವಸ್ತು ಸ್ವಲ್ಪ ವ್ಯಾಪಾರಕ್ಕೆ, ಸ್ವಲ್ಪ ಬೇರೆಯದಕ್ಕೆ ಬಳಕೆಯಾದರೆ ವ್ಯಾಪಾರದ ಪಾಲಿಗೆ ಸಲ್ಲುವಷ್ಟನ್ನೇ ಕಳೆಯಬೇಕೆಂದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೇ ಪ್ರಕರಣ ಹೇಳುತ್ತದೆ. ಬಿಲ್ಲು ಅಂಗಡಿಗೆ, ಪರದೆ ಮಗನ ಕೋಣೆಗೆ ಎಂದರೆ ಆ 1,260ರಲ್ಲಿ ಬಹುಪಾಲು ನಮ್ಮದಲ್ಲದ ಹಣ.

ಮೊತ್ತ ಸಣ್ಣದಲ್ಲವೇ ಎನ್ನಬಹುದು. ಎಲ್ಲರೂ ಮಾಡುತ್ತಾರಲ್ಲ ಎನ್ನಬಹುದು. ಶೇಂಗಾ ಮಾರುವಾಗ ಚೀಲಕ್ಕಿಷ್ಟು ಎಂದು ತೂಕದಲ್ಲಿ ಮುರಿದುಕೊಂಡರೆ ರೈತನಿಗೆ ಹೇಳುವುದೂ ಇವೇ ಎರಡು ಮಾತು: ಸ್ವಲ್ಪವೇ ತಾನೆ, ಎಲ್ಲ ಕಡೆಯೂ ಹೀಗೇ. ರೈತ ಅದನ್ನು ಒಪ್ಪುತ್ತಾನೆಯೇ? ನಮ್ಮಿಂದ ಹೋಗುವಾಗ ಮೋಸವೆನಿಸುವುದು ನಮಗೆ ಬರುವಾಗ ಜಾಣತನವಾಗುವುದು ಹೇಗೆ? ತಕ್ಕಡಿ ಎರಡು ಕಡೆಗೂ ಒಂದೇ ಆಗಿರಬೇಕು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದೊಡ್ಡ ಪರದೆ ಲೆಕ್ಕಕ್ಕೆ ಬೇಕೆಂದು ಮಗ ತಂದೆಗೆ ಹೇಳಿದ. ಅದೇ ಮಾತನ್ನು ತಂದೆ ಬಿಲ್ಲಿನಲ್ಲಿ ಸರ್ಕಾರಕ್ಕೆ ಹೇಳಹೊರಟರು. ಬಿಲ್ಲು ಬರೆಸುವಾಗ ಪಕ್ಕದಲ್ಲಿ ನಿಂತಿರುವವನು ಆ ಮಗನೇ. ಕಾರಣ ಒಂದು ಹೇಳಿ ಕೆಲಸ ಇನ್ನೊಂದು ಮಾಡುವುದನ್ನು ಅಲ್ಲಿ ಕಲಿತ ಹುಡುಗ ನಾಳೆ ಅಪ್ಪನ ಅಂಗಡಿಯ ಲೆಕ್ಕವನ್ನೂ ಹಾಗೆಯೇ ಬರೆದರೆ ಯಾರನ್ನು ದೂರುವುದು?

ಹಾಗೆಂದು ತಪ್ಪನ್ನೆಲ್ಲ ಮಕ್ಕಳ ಮೇಲೆ ಹೊರಿಸಲಾಗದು. ಈ ವಿಷಯವನ್ನು ಮಡಕಶಿರಾದ (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ) ರೇಷ್ಮೆ ಬೆಳೆಗಾರರೊಬ್ಬರ ಮುಂದೆ ತೆಗೆದಾಗ ಅವರು ನಕ್ಕರು. "ನಮಗೆ ಬಿಲ್ಲಿನ ಗೊಡವೆ ಇಲ್ಲ. ಆದರೆ ಆಟ ಅನ್ನೋ ಮಾತು ತೆಗೆದರೆ ನಾನು ಬೈತೀನಿ, ಅದಕ್ಕೇ ಹುಡುಗ ಓದಿಗೆ ಅಂತಾನೆ" ಎಂದರು. ನಿಜವಾದ ಮಾತು. ನಿಜ ಹೇಳಿದರೆ ಬೈಗುಳ, ಸುಳ್ಳು ಹೇಳಿದರೆ ಪರದೆ ಎಂದಾದಾಗ ಸುಳ್ಳನ್ನು ಬಿತ್ತಿದವರು ನಾವೇ.

ಆಟ ಪಾಪವಲ್ಲ. ನಮ್ಮ ಕಾಲದಲ್ಲಿ ಬುಗುರಿ, ಚಿನ್ನಿದಾಂಡು ಇರಲಿಲ್ಲವೇ? ದುಡ್ಡು ಕಟ್ಟಿ ಆಡುವುದು ಬೇರೆ. ಅಂತರ್ಜಾಲದ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಕೇಂದ್ರವೇ 2025ರಲ್ಲಿ ತಂದಿದೆ. ಉಳಿದ ಆಟಕ್ಕೆ ಹೊತ್ತು ಗೊತ್ತು ಮಾಡಿದರೆ ಸಾಕು. "ಅಪ್ಪಾ, ಇಷ್ಟು ಓದಿಗೆ, ಇಷ್ಟು ಲೆಕ್ಕಕ್ಕೆ, ಇಷ್ಟು ಆಟಕ್ಕೆ" ಎಂದು ಮಗ ಹೇಳುವಂತಿರಬೇಕು, ತಂದೆ ಕೇಳುವಂತಿರಬೇಕು. ಬಳಕೆ ನಿಜವಾಗಿ ತಿಳಿದರೆ ಎಷ್ಟು ಇಂಚು, ಎಷ್ಟು ಹರ್ಟ್ಸ್, ಎಷ್ಟು ರೂಪಾಯಿ ಎಂಬುದು ತಾನಾಗಿ ಬಗೆಹರಿಯುತ್ತದೆ. ಸುಳ್ಳು ಕಾರಣಕ್ಕೆ ಕೊಂಡ ವಸ್ತು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಮರುವಾರ ನಾವು ಆ ವ್ಯಾಪಾರಿಗಳಿಗೆ ಫೋನ್ ಮಾಡಿ, "ಅಂದು ಹೇಳಿದ್ದು ತಪ್ಪಾಯಿತು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಕೊಂಡಿಲ್ಲ ಬಿಡಿ, ನನಗೂ ಮನಸ್ಸು ಒಪ್ಪಿರಲಿಲ್ಲ" ಎಂದರು. ಆಮೇಲೆ 8,260ರದನ್ನೇ ಮನೆಯ ಹಣದಿಂದ, ತಮ್ಮ ಹೆಸರಿಗೇ ಬಿಲ್ಲು ಮಾಡಿಸಿ ತಂದರು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ಈಗ ರಾತ್ರಿ ಲೆಕ್ಕ ಮುಗಿಸಿ, ಅಪ್ಪನ ಎದುರಿಗೇ ಒಂದು ಗಂಟೆ ಆಡುತ್ತಾನಂತೆ.