ಕರ್ಮದ ಲೆಕ್ಕವೂ ಕರುಣೆಯ ಕರ್ತವ್ಯವೂ

ಐದು ವರ್ಷದ ಬಾಲಕನೊಬ್ಬನು ನೆಲದಿಂದ ಏಳುವಾಗ ಕೈಗಳನ್ನು ಮೊದಲು ಮೊಣಕಾಲಿನ ಮೇಲೆ, ಬಳಿಕ ತೊಡೆಯ ಮೇಲೆ ಊರಿ, ತನ್ನ ಮೈಯನ್ನೇ ಏಣಿಯಂತೆ ಹತ್ತಿ ನಿಲ್ಲುತ್ತಾನೆ. ನೋಡಿದವರು ಸೋಮಾರಿಯೆನ್ನುವರು. ಮೀನಖಂಡವು ದಪ್ಪಗಿರುವುದನ್ನು ಕಂಡು ಪುಷ್ಟಿಯೆಂದು ಭ್ರಮಿಸುವರು. ಆದರೆ ಇವು ಡುಷೇನ್ ಸ್ನಾಯುಕ್ಷಯವೆಂಬ ವಿರಳ ವ್ಯಾಧಿಯ ಲಕ್ಷಣಗಳು. ಫ್ರಾನ್ಸ್ ದೇಶದ ವೈದ್ಯನಾದ ಡುಷೇನನು 1868ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದನು. ಇದು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಬಾಧಿಸುತ್ತದೆ. 12 ವರ್ಷದ ಸುಮಾರಿಗೆ ನಡಿಗೆಯು ನಿಲ್ಲುತ್ತದೆ. ಮುಂದೆ ಹೃದಯವೂ ಉಸಿರಾಟದ ಸ್ನಾಯುಗಳೂ ಬಲಗುಂದುತ್ತವೆ.

ಏನೂ ಅರಿಯದ ಶಿಶುವಿಗೆ ಈ ದುಃಖವೇಕೆ? ಪೂರ್ವಜನ್ಮದ ಪಾಪಫಲವೆಂದು ಕೆಲವರು, ಹೆತ್ತವಳ ದೋಷವೆಂದು ಕೆಲವರು ಸುಲಭವಾಗಿ ತೀರ್ಪು ಕೊಡುವರು. ಈ ತೀರ್ಪು ಧರ್ಮಸಮ್ಮತವೇ ಎಂಬುದು ವಿಚಾರಾರ್ಹವು.

ಸ್ನಾಯುಕಣಗಳನ್ನು ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು 1987ರಲ್ಲಿ ಗುರುತಿಸಲಾಯಿತು. ಅದನ್ನು ನಿರ್ಮಿಸುವ ವಂಶವಾಹಿಯು ಕೆಡುವುದೇ ಈ ರೋಗದ ಮೂಲವು. ಆ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಮಗನಿಗೆ ಅದು ಬರುವುದು ತಾಯಿಯಿಂದ ಮಾತ್ರ. ಆದರೆ ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಈ ಕೇಡು ತಾಯಿಯಲ್ಲಿಲ್ಲದೆ ಹೊಸದಾಗಿಯೇ ಉಂಟಾಗುತ್ತದೆ. ತಾಯಿಯಲ್ಲಿ ಇದ್ದರೂ ಅವಳು ಅದನ್ನು ಬಯಸಿ ಪಡೆದವಳಲ್ಲ, ಅರಿತು ಕೊಟ್ಟವಳೂ ಅಲ್ಲ. ಅರಿವೂ ಇಚ್ಛೆಯೂ ಇಲ್ಲದೆಡೆ ಅಪರಾಧವೆಲ್ಲಿಯದು?

ಹಾಗಾದರೆ ಕರ್ಮಸಿದ್ಧಾಂತವು ಸುಳ್ಳೇ? ಹಾಗೆನ್ನಬೇಕಾಗಿಲ್ಲ. ಮನುಷ್ಯನು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳಲೆಂದು ಹಿರಿಯರು ಅದನ್ನು ಹೇಳಿದರೇ ಹೊರತು ನೆರೆಯವನ ಜಮಾಖರ್ಚನ್ನು ತಪಾಸಣೆ ಮಾಡಲೆಂದಲ್ಲ. ಜನ್ಮಾಂತರದ ಖಾತೆಯನ್ನು ಕಂಡವರು ಯಾರೂ ಇಲ್ಲ; ಕಾಣದ ಖಾತೆಗೆ ಬಾಕಿ ಬರೆಯುವುದು ಅನ್ಯಾಯವು. ಅದಲ್ಲದೆ, ನೊಂದವನನ್ನು ಕಂಡವನು ಮಾಡುವುದೂ ಕರ್ಮವೇ, ಮಾಡದೆ ಬಿಡುವುದೂ ಕರ್ಮವೇ. ಆ ಲೆಕ್ಕವು ನೋಡಿದವನ ಹೆಸರಿನಲ್ಲಿಯೇ ಏರುತ್ತದೆ.

ಈ ವ್ಯಾಧಿಯನ್ನು ಬುಡಸಹಿತ ಕೀಳುವ ಮದ್ದಿಲ್ಲವಾದರೂ ಸ್ಟಿರಾಯ್ಡ್ ಔಷಧಿಗಳು ಬಲಹೀನತೆಯ ವೇಗವನ್ನು ತಗ್ಗಿಸುತ್ತವೆ. ತಕ್ಕ ವ್ಯಾಯಾಮ, ಹೃದಯದ ಪರೀಕ್ಷೆ, ಉಸಿರಾಟಕ್ಕೆ ಯಂತ್ರದ ನೆರವು ಆಯುಸ್ಸನ್ನು ಹೆಚ್ಚಿಸಿವೆ. ಭಾರತ ಸರಕಾರದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಆದುದರಿಂದ ಅಂತಹ ಬಾಲಕನನ್ನು ಹರಕೆಗೆ ಮಾತ್ರ ಒಪ್ಪಿಸದೆ ವೈದ್ಯರಲ್ಲಿಗೂ ಕರೆದೊಯ್ಯತಕ್ಕದ್ದು. ತಾಯಿಯ ಮುಂದೆ ಕಟುವಾದ ಮಾತನ್ನು ನುಂಗಿಕೊಳ್ಳತಕ್ಕದ್ದು.

ಗುಡಿಯ ಮೂರು ಮೆಟ್ಟಲುಗಳು ಬಲವುಳ್ಳವನಿಗೆ ಗಣನೆಗೇ ಬಾರವು. ಆ ಮಗುವಿಗಾದರೋ ಅವು ಮೂರು ಬೆಟ್ಟಗಳು. ಅವುಗಳ ಪಕ್ಕದಲ್ಲಿ ಗಾಲಿಕುರ್ಚಿಯು ಏರುವಂತೆ ಇಳಿಜಾರಾದ ದಾರಿಯೊಂದನ್ನು ಕಟ್ಟಿಸಿದರೆ ಅದೂ ದೇವರ ಕೈಂಕರ್ಯವೇ ಸರಿ.