ಇಲಿಯ ನೋವಿಗೂ ಲೆಕ್ಕವಿದೆಯೇ?

ಕೈಕಾಲುಗಳ ಸ್ವಾಧೀನ ಕಳಕೊಂಡ ರೋಗಿಯೊಬ್ಬರು ನಿಮ್ಮ ಮನೆಯಲ್ಲಿದ್ದಾರೆಂದು ಭಾವಿಸಿರಿ. ಒಂದು ಗುಟುಕು ನೀರಿಗೂ ಅವರು ಇನ್ನೊಬ್ಬರ ಕೈಯನ್ನೇ ಕಾಯಬೇಕು. ಅಮೆರಿಕದಲ್ಲಿ ಇಂತಹ ಓರ್ವ ಮಹಿಳೆಯ ಮೆದುಳಿನಲ್ಲಿ ವೈದ್ಯರು 96 ಸೂಕ್ಷ್ಮ ಇಲೆಕ್ಟ್ರೋಡ್‌ಗಳಿರುವ ಪುಟ್ಟ ಬಿಲ್ಲೆಯೊಂದನ್ನು ನೆಟ್ಟಿದ್ದರು. ಪಾರ್ಶ್ವವಾಯು ಬಡಿದು ಸುಮಾರು 15 ವರ್ಷಗಳಾದ ಮೇಲೆ ಆಕೆ ಕೇವಲ ತನ್ನ ಯೋಚನೆಯಿಂದ ಯಂತ್ರದ ಕೈಯನ್ನು ನಡೆಸಿ ಕಾಫಿ ಕುಡಿದರು. 2012ರಲ್ಲಿ ಈ ವರದಿ ಪ್ರಕಟವಾಯಿತು. ನಿಸ್ಸಂದೇಹವಾಗಿಯೂ ಇದೊಂದು ದೊಡ್ಡ ಅನುಗ್ರಹ.

ಆದರೆ ಮೆದುಳು ಪರಕೀಯ ವಸ್ತುವನ್ನು ಸುಲಭವಾಗಿ ಸಹಿಸುವುದಿಲ್ಲ. ರಕ್ಷಕ ಕೋಶಗಳು ಇಲೆಕ್ಟ್ರೋಡನ್ನು ಮುತ್ತುತ್ತವೆ, ಉರಿಯೂತವುಂಟಾಗುತ್ತದೆ, ಸುತ್ತಲೂ ಕಲೆಯಂತಹ ಪೊರೆ ಬೆಳೆಯುತ್ತದೆ. ಕ್ರಮೇಣ ಸಂಕೇತಗಳು ಕ್ಷೀಣಿಸಬಹುದು. ಇದರ ಕಾರಣವನ್ನು ಹುಡುಕಲು ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ನಡೆಸಿ 2005ರಲ್ಲಿ ಪ್ರಕಟಿಸಿದರು. ಕೆಲವು ಕಡೆ ಇಲೆಕ್ಟ್ರೋಡನ್ನು ಚುಚ್ಚಿ ತೆಗೆದರು. ಇನ್ನು ಕೆಲವು ಕಡೆ ವಾರಗಟ್ಟಲೆ ಒಳಗೇ ಬಿಟ್ಟರು. ಬಿಟ್ಟಲ್ಲಿ ಉರಿಯೂತ ಮುಂದುವರಿಯಿತು, ಪಕ್ಕದ ನರಕೋಶಗಳು ನಶಿಸಿದವು. ಚುಚ್ಚಿ ತೆಗೆದಲ್ಲಿ ಹಾಗಾಗಲಿಲ್ಲ. ದೋಷ ಚುಚ್ಚಿದ ಗಾಯದ್ದಲ್ಲ, ಒಳಗುಳಿದ ವಸ್ತುವಿನದ್ದು ಎಂದು ತಿಳಿಯಿತು. ಇದನ್ನು ತಿಳಿಯಲು ಇಲಿಗಳು ಸಾಯಬೇಕಾಯಿತು.

ಇದು ಸರಿಯೇ? 'ಇಲಿ ತಾನೇ' ಎಂದು ಕೆಲವರು ಹೇಳಿಬಿಡುತ್ತಾರೆ. ಯಾವ ಪ್ರಾಣಿಯನ್ನೂ ಮುಟ್ಟಲೇಬಾರದೆಂದು ಇನ್ನು ಕೆಲವರು ವಾದಿಸುತ್ತಾರೆ. ಮೊದಲಿನವರು ಇಲಿಯ ಸೃಷ್ಟಿಕರ್ತನನ್ನು ಮರೆತಿದ್ದಾರೆ. ಎರಡನೆಯವರು ಹಾಸಿಗೆ ಹಿಡಿದ ರೋಗಿಯನ್ನು ಮರೆತಿದ್ದಾರೆ.

ಇಹ್ರಾಮ್‌ನಲ್ಲಿರುವವರೂ ಕೊಲ್ಲಬಹುದಾದ ಉಪದ್ರವಕಾರಿ ಜೀವಿಗಳಲ್ಲಿ ಇಲಿಯೂ ಇದೆಯಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಕೊಲ್ಲಲು ಅನುಮತಿಯಿದ್ದ ಮಾತ್ರಕ್ಕೆ ಹಿಂಸಿಸಲು ಅನುಮತಿಯಿಲ್ಲ. ಕೊಯ್ಯುವಾಗಲೂ ಚೂರಿಯನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ತಗ್ಗಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮೇಲಾಗಿ ಪ್ರಯೋಗಾಲಯದ ಇಲಿ ಯಾರ ಕಣಜಕ್ಕೂ ಕನ್ನ ಹಾಕಿದ್ದಲ್ಲ. ಅದನ್ನು ಪಂಜರದಲ್ಲಿ ಬೆಳೆಸಿದವರು ನಾವೇ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಸ್ತ್ರೀಯ ಗತಿ ಏನಾಯಿತೆಂಬುದು ನಿಮಗೆ ಗೊತ್ತೇ ಇದೆ.

ಅನಿವಾರ್ಯತೆಯು ನಿಷಿದ್ಧವನ್ನು ಸಮ್ಮತಗೊಳಿಸುತ್ತದೆ, ಆದರೆ ಅನಿವಾರ್ಯವಿರುವಷ್ಟೇ ಎಂಬುದು ಫಿಕ್ಹ್‌ನ ನಿಯಮ. ಈ ಪ್ರಶ್ನೆಗೆ ಈಗಾಗಲೇ ಉತ್ತರ ದೊರೆತಿದೆಯೇ? 20 ಇಲಿಗಳು ಸಾಕಾಗುವಲ್ಲಿ 50 ಏಕೆ? ಅರಿವಳಿಕೆ ಕೊಡಲಾಗಿದೆಯೇ? ಪ್ರಾಣಿಯ ಬದಲು ಬೇರೆ ದಾರಿ ಹುಡುಕಿರಿ, ಸಂಖ್ಯೆ ತಗ್ಗಿಸಿರಿ, ನೋವು ತಗ್ಗಿಸಿರಿ ಎಂದು ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು 1959ರಲ್ಲೇ ಬರೆದರು. ಸಾಧ್ಯವಿರುವಲ್ಲಿ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂದು ನಮ್ಮ ದೇಶದ 1960ರ ಕಾನೂನು ಕೂಡಾ ಹೇಳುತ್ತದೆ. ಆದರೆ ಪ್ರಯೋಗಾಲಯದ ಬಾಗಿಲು ಮುಚ್ಚಿದ ಮೇಲೆ ಕಾನೂನಿನ ಕಣ್ಣು ಎಷ್ಟು ದೂರ ತಲುಪೀತು? ಅಲ್ಲಿ ಕೆಲಸ ಮಾಡುವುದು ದೇವಭಯ ಮಾತ್ರ.

ನಿಮ್ಮ ಮಕ್ಕಳು ನಾಳೆ ವೈದ್ಯರಾಗಬಹುದು, ಸಂಶೋಧಕರಾಗಬಹುದು. ವಿದ್ಯೆಯೊಂದಿಗೆ ಈ ಎಚ್ಚರವನ್ನೂ ಅವರಿಗೆ ಕಲಿಸಿರಿ. ದೂರು ಹೇಳಲು ಬಾಯಿಲ್ಲದ ಜೀವಿಯ ಪರವಾಗಿ ವಿಚಾರಿಸುವವನೊಬ್ಬನಿದ್ದಾನೆ.