ಯಾರೂ ಕೇಳದಿದ್ದರೆ ಸುಳ್ಳಲ್ಲವೇ?

ಕುವೈತ್‌ನಿಂದ ಮುಂಬೈ ಮೇಲೆ ಮಂಗಳೂರಿಗೆ ಬರೋರಿಗೆ ಇದು ಗೊತ್ತು. ಮುಂಬೈಯಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜ್ ಕೊಡಬೇಕು. ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಹೆಂಗಸು ಸುಂಕವಿಲ್ಲದೆ ತರಬಹುದಾದ ಒಡವೆ 40 ಗ್ರಾಂ. 60 ಇದ್ದರೆ? ಕೆಂಪು ಚಾನೆಲ್‌ನಲ್ಲಿ ತೂಕ, ಬೆಲೆ, ರಸೀದಿ; ಅಷ್ಟರಲ್ಲಿ ಮಂಗಳೂರು ವಿಮಾನ ಹೋಗಿರುತ್ತೆ. ಹಸಿರಿನಲ್ಲಿ ಎರಡೇ ನಿಮಿಷ.

ಒಬ್ಬ ಸಹೋದರಿ ನನ್ನನ್ನು ಕೇಳಿದರು: "ಪಾಸ್ಟರ್, ಯಾರೂ ಕೇಳಲೇ ಇಲ್ಲ, ನಾನು ಸುಳ್ಳು ಹೇಳಲೂ ಇಲ್ಲ. ಪಾಪ ಹೇಗಾಗುತ್ತೆ?" ಒಳ್ಳೇ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ ನೋಡಿ. ಸಫೈರಳನ್ನು ಪೇತ್ರನು ಕೇಳಿದನು, ಆಕೆ ಬಾಯಿಬಿಟ್ಟು ಸುಳ್ಳಾಡಿದಳು. ಆದರೆ ಅನನೀಯ ಒಂದು ಮಾತಾಡಿದ್ದೂ ಅಲ್ಲಿ ಬರೆದಿಲ್ಲ! ಒಂದು ಪಾಲು ಮರೆಮಾಡಿ, ಉಳಿದದ್ದನ್ನು ತಂದಿಟ್ಟ, ಅಷ್ಟೇ. ಹೊಲ ಅವನದೇ, ಹಣವೂ ಅವನದೇ. ಆದ್ರೂ ಪೇತ್ರನು ಅದನ್ನು ಸುಳ್ಳು ಅಂದನು. ಹಸಿರು ಚಾನೆಲ್‌ಗೆ ಕಾಲಿಡೋದೇ "ಸುಂಕದ್ದು ನನ್ನ ಹತ್ರ ಏನೂ ಇಲ್ಲ" ಅನ್ನೋ ಹೇಳಿಕೆ.

"ಅವರ ಕಣ್ಣಿಗೆ ಬೀಳಿಸಬೇಡ ಕರ್ತನೇ" ಅಂತ ಪ್ರಾರ್ಥಿಸಿ ದಾಟಿ, ಆಮೇಲೆ ಸಭೆಯಲ್ಲಿ ಸಾಕ್ಷಿ ಹೇಳೋರೂ ಇದ್ದಾರೆ. ಆ ಸಾಕ್ಷಿಗೆ ನಾನು ಆಮೆನ್ ಹೇಳಲಾರೆ. ವಿಮಾನ ತಪ್ಪದಿರಲಿ ಅಂತ ಬೇಕಾದ್ರೆ ರಾತ್ರಿಯಿಡೀ ಪ್ರಾರ್ಥಿಸ್ತೇನೆ. ಮುಂದಿನ ಸಲ ಟಿಕೆಟ್ ಮಾಡೋವಾಗಲೇ ಮಧ್ಯೆ ಐದಾರು ಗಂಟೆ ಬಿಟ್ಟು ಮಾಡಿಸ್ಕೊಳ್ಳಿ ಅಂತಲೂ ಆ ಸಹೋದರಿಗೆ ಹೇಳಿದೆ.